ಸವಳು ನೀರಿನ ಬೇಸಾಯ

ಇಸ್ರೇಲಿನ ನೆಗೆವ್ ಮರುಭೂಮಿಯ ಅಡಿಯಲ್ಲಿ ಸವಳು ನೀರು ಧಾರಾಳ. ಅದರಲ್ಲೇ ಅಲ್ಲಿನ ರೈತರು ಟೊಮ್ಯಾಟೊ, ಆಲಿವ್ ಬೆಳೆಯುತ್ತಾರೆಂದರೆ ನಮಗೆ ಸೋಜಿಗವೇ. ಟೊಮ್ಯಾಟೊ ಹಣ್ಣು ಸಣ್ಣದಾಗಿ ಇಳುವರಿ ತಗ್ಗುತ್ತದೆ, ನಿಜ. ಆದರೆ ಸಿಹಿ ಹೆಚ್ಚುತ್ತದೆ.

ಗುಟ್ಟು ಇರುವುದು ನೀರು ಕೊಡುವ ಕ್ರಮದಲ್ಲಿ. ನಾವು ಕಾಫಿಗೆ ಹಾಯಿಸುವಂತೆ ಸ್ಪ್ರಿಂಕ್ಲರ್ ಹಾಯಿಸಿದರೆ ಉಪ್ಪು ಎಲೆಯ ಮೇಲೆ ಕುಳಿತು ಸುಡುತ್ತದೆ. ಆದ್ದರಿಂದ ಅಲ್ಲಿ ಹನಿ ನೀರಾವರಿ. ಉಪ್ಪು ನೀರೆಂದು ಕಡಿಮೆ ಬಿಟ್ಟರೆ ಮಾತ್ರ ಕೆಟ್ಟಿತು! ಗಿಡ ನೀರನ್ನು ಹೀರಿ ಉಪ್ಪನ್ನು ಬೇರಿನ ಬಳಿಯೇ ಉಳಿಸುತ್ತದೆ. ಅದನ್ನು ತೊಳೆದು ಕೆಳಗಿಳಿಸುವಷ್ಟು ಹೆಚ್ಚುವರಿ ನೀರು ಬೇಕು, ಬಸಿಯುವ ಮಣ್ಣೂ ಬೇಕು. ಅಲ್ಲಿಯದು ಮರಳು ನೆಲ. ಜೇಡಿಮಣ್ಣಿನಲ್ಲಿ ಹೀಗೆ ಮಾಡಹೊರಟರೆ ನೆಲವೇ ಚೌಳಾದೀತು.

ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಕರಾವಳಿಯ ಸದಸ್ಯರು ಇದನ್ನು ಓದಿ ಧೈರ್ಯ ತಂದುಕೊಳ್ಳಬಾರದು. ಅಡಿಕೆಗೆ ಆಲಿವ್‌ನಷ್ಟು ತಾಳಿಕೆಯಿಲ್ಲ. ತೋಟಕ್ಕೆ ಬಿಡುವ ಮೊದಲು ಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ.