ಎಕರೆಗೆ ಐದು ಗುಂಟೆ: ದಿ. ಬಾ. ಪಾಟೀಲ

ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳನ್ನು ದಾಟಿ ಒಳದಾರಿ ಹಿಡಿದರೆ ಆಗ್ರಿ ಜನರ ಹಳೆಯ ಊರುಗಳು ಇಂದಿಗೂ ಸಿಗುತ್ತವೆ. ಊರು ಬಿಟ್ಟು ಬಂದ ನಮ್ಮಂಥ ಕನ್ನಡಿಗರು ಇಲ್ಲಿ ದುಡಿದು ನೆಲೆ ಕಂಡದ್ದು ಈ ಜನರು ಬಿಟ್ಟುಕೊಟ್ಟ ಭತ್ತದ ಗದ್ದೆಗಳ ಮೇಲೆ. ಠಾಣೆಯಿಂದ ಉರಣದವರೆಗೆ ಅವರು ಪ್ರೀತಿಯಿಂದ ನೆನೆಯುವ ಹೆಸರು ಒಂದೇ: ದಿ. ಬಾ., ಅಂದರೆ ದಿನಕರ ಬಾಳು ಪಾಟೀಲ.

1926ರ ಜನವರಿ 13ರಂದು ಉರಣ ತಾಲೂಕಿನ ಜಾಸಯಿಯಲ್ಲಿ ಹುಟ್ಟಿದ ದಿ. ಬಾ. ಅವರದು ರೈತ ಮನೆತನ. ಆ ಸೀಮೆಯ ಬೇಸಾಯ ಎಂಥದೆಂದು ಅಘನಾಶಿನಿ ದಂಡೆಯ ಗಜನಿ ಗದ್ದೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಮುದ್ರದ ಉಬ್ಬರಕ್ಕೆ ಅಡ್ಡಲಾಗಿ ಮಣ್ಣಿನ ಕಟ್ಟೆ ಹಾಕಬೇಕು, ಮಳೆನೀರು ನೆಲದ ಉಪ್ಪನ್ನು ತೊಳೆಯುವವರೆಗೆ ಕಾಯಬೇಕು, ಆಮೇಲೆ ಭತ್ತ. ಕಟ್ಟೆ ಒಡೆದ ರಾತ್ರಿ ಬುಟ್ಟಿ, ಸಲಿಕೆ ಹಿಡಿದು ಊರಿಗೆ ಊರೇ ಓಡಬೇಕು. ಉಪ್ಪುನೀರು ಒಳಗೆ ನುಗ್ಗಿತೆಂದರೆ ಬೆಳೆ ಹೋದಂತೆಯೇ. ಆಗ್ರಿ ಎಂಬ ಹೆಸರು ಬಂದದ್ದು ‘ಆಗರ’ದಿಂದ ಎನ್ನುತ್ತಾರೆ. ನಮ್ಮ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿರುವುದೂ ಅದೇ ಆಗರ. ಇಂಥ ಗದ್ದೆ ತಾನಾಗಿ ದಕ್ಕಿದ್ದಲ್ಲ, ತಲೆಮಾರುಗಳು ಕೈಯಾರೆ ಕಟ್ಟಿಕೊಂಡದ್ದು.

ವಕೀಲಿ ಓದಿದ ದಿ. ಬಾ. ಶೇತಕರಿ ಕಾಮಗಾರ ಪಕ್ಷ ಸೇರಿದರು. ಪನ್ವೇಲಿನಿಂದ ಐದು ಸಲ ಶಾಸಕರಾದರು, ಕುಲಾಬಾದಿಂದ ಎರಡು ಸಲ ಲೋಕಸಭೆಗೆ ಹೋದರು. ಮಹಾರಾಷ್ಟ್ರ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದರು. ಆದರೆ ಅವರನ್ನು ಅಳೆಯಬೇಕಾದದ್ದು ಈ ಹುದ್ದೆಗಳಿಂದಲ್ಲ.

1970ರಲ್ಲಿ ರಾಜ್ಯ ಸರ್ಕಾರದ ನಗರಾಭಿವೃದ್ಧಿ ನಿಗಮ ಸಿಡ್ಕೋ ಸ್ಥಾಪನೆಯಾಯಿತು. ನವಿ ಮುಂಬಯಿ ಕಟ್ಟಲು 95 ಹಳ್ಳಿಗಳ ಭೂಮಿ ಬೇಕಾಯಿತು. ಆಗ ಇದ್ದದ್ದು ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆ. ಅದರ ಪ್ರಕಾರ ಅಧಿಸೂಚನೆ ಹೊರಟ ದಿನ ಗದ್ದೆಗೆ ಏನು ಬೆಲೆ ಇತ್ತೋ ಅದೇ ಪರಿಹಾರದ ಲೆಕ್ಕ. ಮುಂದೆ ಅಲ್ಲಿ ರಸ್ತೆ, ರೈಲು, ಬಂದರು ಬಂದು ನೆಲದ ಬೆಲೆ ಎಷ್ಟೇ ಏರಲಿ, ರೈತನಿಗೆ ಅದರಲ್ಲಿ ಪಾಲಿಲ್ಲ. ದಿ. ಬಾ. ಹಿಡಿದದ್ದು ಈ ಎಳೆಯನ್ನು. ಒಳ್ಳೆಯ ಬೆಲೆ ಕೊಟ್ಟರಷ್ಟೇ ಸಾಲದು, ನೆಲ ಕಳೆದುಕೊಂಡವನಿಗೆ ಹೊಸ ನಗರದಲ್ಲೇ ಪಾಲು ಬೇಕು ಎಂದರು. ನನ್ನ ಮಟ್ಟಿಗೆ ಅವರ ಬದುಕಿನ ದೊಡ್ಡ ಕೆಲಸ ಇದೇ.

ಆ ಹಟಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1984ರ ಜನವರಿ 16 ಮತ್ತು 17ರಂದು ಉರಣ ಭಾಗದಲ್ಲಿ ಚಳವಳಿಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಐವರು ರೈತರು ಸತ್ತರು. ಆ ಎರಡು ದಿನಗಳಂದು ಅಲ್ಲಿಯ ಜನ ಪ್ರತಿವರ್ಷ ಹುತಾತ್ಮರಿಗೆ ಹೂವಿಟ್ಟು ಕೈ ಮುಗಿಯುತ್ತಾರೆ.

ಆ ಹೋರಾಟದ ಫಲವೇ ಇಲ್ಲಿಯವರ ಬಾಯಲ್ಲಿ ಸದಾ ಇರುವ ‘ಸಾಡೆಬಾರಾ ಟಕ್ಕೆ’, ಅಂದರೆ ಶೇ. 12.5. ನಮ್ಮ ಗುಂಟೆ ಲೆಕ್ಕದಲ್ಲಿ ನೋಡೋಣ. ಒಂದು ಎಕರೆಗೆ 40 ಗುಂಟೆ. ಎಕರೆ ಕಳೆದುಕೊಂಡ ರೈತನಿಗೆ ಅಭಿವೃದ್ಧಿಪಡಿಸಿದ ನಿವೇಶನವಾಗಿ 5 ಗುಂಟೆ ವಾಪಸು. ಅದರಲ್ಲೂ ಸಾರ್ವಜನಿಕ ಸೌಲಭ್ಯಕ್ಕೆಂದು ಶೇ. 30 ಮುರಿದುಕೊಂಡರೆ ಕೈಗೆ ಬರುವುದು ಮೂರೂವರೆ ಗುಂಟೆ. ನಲವತ್ತು ಗುಂಟೆ ಉತ್ತವನಿಗೆ ಮೂರೂವರೆ! ಕಡಿಮೆಯೇ, ಒಪ್ಪಿದೆ. ಆದರೂ ಆ ಮೂರೂವರೆ ಗುಂಟೆ ನಗರದ ನಡುವೆ ಇತ್ತು, ಹೊಸ ಊರಿನ ಏಳಿಗೆಯಲ್ಲಿ ಅವನಿಗೂ ಒಂದು ಹಕ್ಕು ಉಳಿಯಿತು. ಸಂಸಾರ ಬೆಳೆದಂತೆ ಹಳೆಯ ಗಾವಠಾಣದ, ಅಂದರೆ ಊರಿನ ಮೂಲ ವಸತಿ ನೆಲದ, ಅಂಚಿನಲ್ಲಿ ಕಟ್ಟಿಕೊಂಡ ಮನೆಗಳನ್ನು ಸಕ್ರಮಗೊಳಿಸುವ ತಕರಾರು ಮಾತ್ರ ಅವರ ಕಾಲಕ್ಕೆ ಮುಗಿಯಲಿಲ್ಲ.

ದಿ. ಬಾ. 2013ರ ಜೂನ್ 24ರಂದು ತೀರಿಕೊಂಡರು. ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ ಅವರ ಹೆಸರೇ ಬೇಕೆಂದು 2021ರಲ್ಲಿ ಜನ ಬೀದಿಗಿಳಿದರು. ಮರುವರ್ಷ ರಾಜ್ಯದ ವಿಧಾನಮಂಡಲ ಅದಕ್ಕೆ ಒಪ್ಪಿ ಠರಾವು ಮಾಡಿತು.

ಅವರು ಹೋದ ಆರು ತಿಂಗಳಿಗೆ, 2014ರ ಜನವರಿ 1ರಂದು, 1894ರ ಕಾಯ್ದೆಯ ಜಾಗಕ್ಕೆ ಹೊಸ ಭೂಸ್ವಾಧೀನ ಕಾಯ್ದೆ ಬಂತು. ನಗರ ಕಟ್ಟಲೆಂದು ನೆಲ ತೆಗೆದುಕೊಂಡರೆ ಅಭಿವೃದ್ಧಿಯಾದ ಭೂಮಿಯಲ್ಲಿ ಶೇ. 20ನ್ನು ನೆಲ ಕೊಟ್ಟವರಿಗಾಗಿ ಕಾದಿರಿಸಬೇಕೆಂದು ಅದರ ಎರಡನೆಯ ಅನುಸೂಚಿಯಲ್ಲಿ ಬರೆದಿದೆ.