ಮಸಾಲೆ ಡಬ್ಬಿಯ ಜಾಯಿಕಾಯಿ ಮೆದುಳಿಗೆ ಏನು ಮಾಡುತ್ತದೆ?

ನಮ್ಮ ಮನೆಯ ಮಸಾಲೆ ಡಬ್ಬಿಯಲ್ಲಿ ಏಲಕ್ಕಿ, ಲವಂಗ, ಚಕ್ಕೆಯ ಜೊತೆ ಒಂದೆರಡು ಜಾಯಿಕಾಯಿ ಯಾವಾಗಲೂ ಇರುತ್ತದೆ. ಬಿರಿಯಾನಿ ಮಾಡುವ ದಿನ ಉಮ್ಮ ಅದನ್ನು ತುರಿದು ಚಿಟಿಕೆಯಷ್ಟು ಮಾತ್ರ ಹಾಕುತ್ತಾರೆ. "ಹೆಚ್ಚಾದರೆ ತಲೆ ತಿರುಗುತ್ತದೆ" ಎಂದು ಅವರು ಹೇಳುತ್ತಿದ್ದುದನ್ನು ನಾನು ರುಚಿಯ ಬಗ್ಗೆ ಹೇಳುವ ಮಾತು ಎಂದುಕೊಂಡಿದ್ದೆ.

ಕಳೆದ ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ಸಮಯದಲ್ಲಿ ನನ್ನ ಚಿಕ್ಕಪ್ಪನ ಮಗನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬಿಸಿ ಹಾಲಿಗೆ ಜಾಯಿಕಾಯಿ ಪುಡಿ ಹಾಕಿ ಕುಡಿದರೆ ಒಳ್ಳೆಯದು ಎಂದು ಯಾರೋ ಹೇಳಿದ್ದರು. ಚಿಟಿಕೆ ಹಾಕುವ ಕಡೆ ಅವನು ಚಮಚ ಹಾಕಿದ. ಒಂದು ಗಂಟೆ ಕಾದರೂ ಏನೂ ಆಗಲಿಲ್ಲ. ಸಾಲದೇನೋ ಎಂದು ಮತ್ತೊಮ್ಮೆ ಕುಡಿದ. ಮಧ್ಯರಾತ್ರಿ ದಾಟಿದ ಮೇಲೆ ಬಾಯಿ ಒಣಗಿತು, ಎದೆ ಹೊಡೆದುಕೊಳ್ಳತೊಡಗಿತು, ಮುಖ ಕೆಂಪಾಯಿತು. ಕೋಣೆಯಲ್ಲಿ ಬೇರೆ ಯಾರೋ ಇದ್ದಾರೆ ಎಂದು ಹೆದರಿ ಕೂಗಿದ. ಆಸ್ಪತ್ರೆಗೆ ಒಯ್ಯಬೇಕಾಯಿತು.

ಹೀಗಾದದ್ದು ಏಕೆ? ಜಾಯಿಕಾಯಿಯ ಪರಿಮಳ ಇರುವುದು ಅದರ ಎಣ್ಣೆಯಲ್ಲಿ. ಆ ಎಣ್ಣೆಯಲ್ಲಿ ಮಿರಿಸ್ಟಿಸಿನ್, ಎಲಿಮಿಸಿನ್ ಎಂಬ ರಾಸಾಯನಿಕಗಳಿವೆ. ಚಿಟಿಕೆಯಲ್ಲಿ ಅವು ಲೆಕ್ಕಕ್ಕೇ ಇಲ್ಲ. ಪ್ರಮಾಣ ಏರಿದಾಗ ಮಾತ್ರ ಮೆದುಳಿನ ಮೇಲೆ ಪರಿಣಾಮ ಕಾಣುತ್ತದೆ. ಲಿವರ್ ಈ ವಸ್ತುಗಳನ್ನು ಆಂಫೆಟಮಿನ್ ಜಾತಿಯ ಉತ್ತೇಜಕವಾಗಿ ಬದಲಿಸುತ್ತದೆ ಎಂದು ಅಮೆರಿಕದ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಶುಲ್ಗಿನ್ 1960ರ ದಶಕದಲ್ಲಿ ಊಹಿಸಿದರು. ಕೇಳಲು ಚೆನ್ನಾಗಿದೆ, ಆದರೆ ಮನುಷ್ಯರಲ್ಲಿ ಅದು ಇನ್ನೂ ಖಚಿತವಾಗಿ ಸಾಬೀತಾಗಿಲ್ಲ. ನಮಗೆ ಹೆಚ್ಚು ಪರಿಚಿತವಾದ ಹೋಲಿಕೆ ಬೇರೆಯೇ ಇದೆ. ಬಾಯಿ ಒಣಗುವುದು, ಹೃದಯ ಓಡುವುದು, ಮೂತ್ರ ಕಟ್ಟುವುದು, ಇಲ್ಲದ್ದನ್ನು ಕಾಣುವುದು ಇವೆಲ್ಲ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ತಡೆ ಬಿದ್ದಾಗಲೂ ಕಾಣುವ ಲಕ್ಷಣಗಳು. ಉಮ್ಮತ್ತಿ ಕಾಯಿ ತಿಂದವರಲ್ಲೂ ಹೀಗೇ ಆಗುತ್ತದೆ. ನರಗಳ ಪಾಠದಲ್ಲಿ ಬರುವ ಅದೇ ಅಸಿಟೈಲ್‌ಕೋಲಿನ್!

ಇದರಲ್ಲಿ ಮೋಸದ ಅಂಶವೆಂದರೆ ತಡ. ಪರಿಣಾಮ ಶುರುವಾಗಲು ಹಲವು ಗಂಟೆ ಬೇಕು. ಅಷ್ಟರಲ್ಲಿ "ಏನೂ ಆಗಲಿಲ್ಲ" ಎಂದು ಮತ್ತೆ ತೆಗೆದುಕೊಳ್ಳುವವರೇ ಸಿಕ್ಕಿಬೀಳುವುದು. ಶುರುವಾದ ಮೇಲೆ ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬಿಡುವುದಿಲ್ಲ.

ಇದನ್ನು ಮೊದಲು ಶಿಸ್ತಿನಿಂದ ಬರೆದಿಟ್ಟವರಲ್ಲಿ ಒಬ್ಬರು ಯಾನ್ ಪುರ್ಕಿನ್ಯೆ. ಹೃದಯದ ಪಾಠದ ಪರ್ಕಿಂಜೆ ತಂತುಗಳು ಇವರ ಹೆಸರಿನವೇ. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುವುದು ಅವರ ಅಭ್ಯಾಸ. 1829ರಲ್ಲಿ ಜಾಯಿಕಾಯಿಯ ಸರದಿ ಬಂತು. ತಿಂದು ಮಲಗಿ ಎದ್ದು ಬರ್ಲಿನ್‌ನ ನಾಟಕ ಶಾಲೆಗೆ ಹೊರಟರೆ ದಾರಿ ಮುಗಿಯುವಂತೆಯೇ ಕಾಣಲಿಲ್ಲ, ನಡೆಯುತ್ತಲೇ ನಡುನಡುವೆ ಕನಸಿಗೆ ಜಾರುತ್ತಿದ್ದರು. ಮಾಲ್ಕಮ್ ಎಕ್ಸ್ ಕೂಡ ಜೈಲಿನಲ್ಲಿ ಕೈದಿಗಳು ಇದನ್ನು ನೀರಿಗೆ ಬೆರೆಸಿ ಕುಡಿಯುತ್ತಿದ್ದುದನ್ನು 1965ರ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಬೇರೆ ಏನೂ ಸಿಗದವರು ಹಿಡಿದ ದಾರಿ ಅದು. ವಾಂತಿ, ತಲೆನೋವು, ಸಾಯುತ್ತೇನೆಂಬ ಭಯ ಇವುಗಳ ನಡುವೆ 'ಮಜಾ' ಎಲ್ಲಿ ಉಳಿಯುತ್ತದೆ ಎಂಬುದು ನನಗಂತೂ ಅರ್ಥವಾಗಿಲ್ಲ.

ಜಾಯಿಕಾಯಿ ಅಮಲು ತರುವ ವಸ್ತುವೇ ಎಂಬ ಚರ್ಚೆ ನಮ್ಮ ಫಿಕ್ಹ್ ಗ್ರಂಥಗಳಿಗೂ ಹೊಸದಲ್ಲ. 16ನೇ ಶತಮಾನದಲ್ಲಿ ಮಕ್ಕಾದಲ್ಲಿದ್ದ ಶಾಫಿಈ ವಿದ್ವಾಂಸ ಇಬ್ನ್ ಹಜರ್ ಅಲ್ ಹೈತಮಿ ಅದನ್ನು ಅಮಲು ಪದಾರ್ಥಗಳ ಸಾಲಿಗೇ ಸೇರಿಸಿದ್ದರು. ಅಡುಗೆಗೆ ಬೀಳುವ ಅಲ್ಪ ಪ್ರಮಾಣವನ್ನು ಬೇರೆಯಾಗಿ ನೋಡಿದ ವಿದ್ವಾಂಸರೂ ಇದ್ದಾರೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದರಲ್ಲ!

ನಮ್ಮ ಊರುಗಳಲ್ಲಿ ಹಸುಗೂಸು ಚೆನ್ನಾಗಿ ಮಲಗಲಿ ಎಂದು ಜಾಯಿಕಾಯಿ ತೇಯ್ದು ನೆಕ್ಕಿಸುವ ರೂಢಿ ಇನ್ನೂ ಇದೆ. ಅಜ್ಜಿಯರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಎಳೆಯ ಮಗುವಿನ ಲಿವರ್ ಪೂರ್ತಿ ಬಲಿತಿರುವುದಿಲ್ಲ. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಮಿರಿಸ್ಟಿಸಿನ್ ಎಂದು ಅಳೆಯುವವರೂ ಇಲ್ಲ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಜಾಯಿಕಾಯಿ ವಿಷಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಹೃದಯ ಬಡಿತ, ರಕ್ತದೊತ್ತಡ ನೋಡುತ್ತಾ, ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ. ನನ್ನ ಚಿಕ್ಕಪ್ಪನ ಮಗ ಬೈಗುಳಕ್ಕೆ ಹೆದರಿ ಮೊದಲು ಏನನ್ನೂ ಹೇಳಿರಲಿಲ್ಲ. ವೈದ್ಯರು ಬೇರೆ ಬೇರೆ ಪರೀಕ್ಷೆ ಮಾಡಿಸುತ್ತಾ ಬೆಳಗಾಗಿತ್ತು. ಕೊನೆಗೆ ಹಾಲಿನ ಲೋಟದ ತಳದಲ್ಲಿ ಉಳಿದಿದ್ದ ಕಂದು ಪುಡಿಯನ್ನು ನೋಡಿ ವಿಷಯ ಹೇಳಿದ್ದು ಅವನ ತಂಗಿ. ಅವನು ಮರುದಿನವೂ ತೂಕಡಿಸುತ್ತಲೇ ಇದ್ದ. ಭೌತಶಾಸ್ತ್ರದ ಪರೀಕ್ಷೆ ತಪ್ಪಿಹೋಯಿತು.