ಮಳೆಯಲ್ಲಿ ಗೀಜಗ

ಹೊರಗೆ ಜೋರು ಮಳೆ. ಇವತ್ತು ಹೊಲದ ಕೆಲಸ ಇಲ್ಲ. ಬನ್ನಿ ಅಕ್ಕ, ಮೆಹಕರದ ನಮ್ಮ ಮನೆ ಬಾಗಿಲಲ್ಲಿ ಕೂತು ಹಕ್ಕಿ ನೋಡೋಣ.

ಅಗೋ, ತಂತಿಯ ಮೇಲೆ ಕಾಗೆ. ಗಾಳಿ ಬರುವ ಕಡೆಗೇ ಮುಖ ಮಾಡಿದೆ. ಯಾಕೆ? ಬೆನ್ನು ಕೊಟ್ಟರೆ ಗಾಳಿಗೆ ಗರಿ ಎದ್ದು ನಿಲ್ಲುತ್ತದೆ. ನೀರು ಒಳಗೆ ಇಳಿಯುತ್ತದೆ. ಕಾಗೆಯ ಬಾಲದ ಬುಡದಲ್ಲಿ ಎಣ್ಣೆಯ ಗಂಟು ಇದೆ. ಕೊಕ್ಕಿನಿಂದ ಆ ಎಣ್ಣೆಯನ್ನು ಗರಿಗೆ ಹಚ್ಚಿಕೊಳ್ಳುತ್ತದೆ. ನಾವು ತಲೆಗೆ ಎಣ್ಣೆ ಹಚ್ಚಿದ ಹಾಗೇ!

ಈಗ ಬಾವಿಯ ಮೇಲೆ ಬಾಗಿದ ಜಾಲಿ ಮರ ನೋಡ್ರಿ. ಗೀಜಗನ ಗೂಡುಗಳು ತೂಗುತ್ತಿವೆ. ಮಳೆಗಾಲವೇ ಗೀಜಗ ಮೊಟ್ಟೆ ಇಡುವ ಕಾಲ. ಗೂಡು ಹೆಣೆಯೋದು ಗಂಡು. ಅರ್ಧ ಹೆಣೆದಾಗ ಹೆಣ್ಣು ಬಂದು ಒಳಗೆಲ್ಲ ನೋಡುತ್ತದೆ. ಒಪ್ಪಿದರೆ ಮಾತ್ರ ಸಂಸಾರ. ಇಲ್ಲದಿದ್ದರೆ ಗಂಡಿನ ದುಡಿಮೆ ನೀರುಪಾಲು! ಸಲೀಂ ಅಲಿ ಎಂಬ ಹಕ್ಕಿ ಪಂಡಿತರು 1930ರ ಮಳೆಗಾಲದಲ್ಲಿ ಮುಂಬೈ ಹತ್ತಿರದ ಕಿಹಿಮ್ ಊರಿನಲ್ಲಿ ಇದನ್ನೆಲ್ಲ ಕಣ್ಣಾರೆ ನೋಡಿ ಬರೆದರು.

ಗೂಡುಗಳು ಹೆಚ್ಚಾಗಿ ಮರದ ಪೂರ್ವಕ್ಕೆ ಇರುತ್ತವೆ. ಮುಂಗಾರು ಗಾಳಿ ಪಶ್ಚಿಮದಿಂದ ಬೀಸುತ್ತದಲ್ಲ, ಅದರ ಹೊಡೆತ ಆ ಕಡೆ ಕಡಿಮೆ.

ಗುಡುಗು ಕೇಳಿದರೆ ಮಾತ್ರ ಹಕ್ಕಿ ನೋಡೋದು ಸಾಕು. ಹೊಲದಲ್ಲಿದ್ದರೂ ಮರದ ಕೆಳಗೆ ನಿಲ್ಲಬೇಡಿ ಅಕ್ಕ. ಸಿಡಿಲು ಎತ್ತರದ ಮರಕ್ಕೆ ಬಡಿಯೋದು ಹೆಚ್ಚು. ಸೀರೆ ನೆನೆದರೆ ನೆನೆಯಲಿ, ಬೇಗ ಮನೆ ಸೇರಿರಿ.

ಮಳೆ ನಿಂತ ಮೇಲೆ ಮರದ ಬುಡ ನೋಡೋಣ. ಗಾಳಿಗೆ ಗೂಡು ಬಿದ್ದಿರಬಹುದು. ಒಳಗೆ ಮರಿ ಇದ್ದರೆ ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಕೈಗೆ ಸಿಗುವ ಕೊಂಬೆಗೆ ದಾರದಿಂದ ಗೂಡು ಕಟ್ಟಿ ದೂರ ಬನ್ನಿ. ತಾಯಿ ಅಲ್ಲೇ ಎಲ್ಲೋ ಕೂಗುತ್ತಿರುತ್ತದೆ.